ಅಜ್ಜಿ ಚಪ್ಪಲಿ ಹಾಕಿಕೊಂಡ ಮೇಲೆ

ಬೆಳಗ್ಗೆ ಆರು ಗಂಟೆಗೆ ನಮ್ಮ ಮನೆ ಜಗುಲಿ ಮೇಲೆ ಒಂದು ಕನ್ನಡಿ ಇರುತ್ತದೆ. ತಾತ ಗಡ್ಡ ಹೆರೆದುಕೊಳ್ಳಲು ಇಟ್ಟುಕೊಂಡಿದ್ದ ದುಂಡನೆ ಕನ್ನಡಿ. ತಾತ ತೀರಿಕೊಂಡು 11 ವರ್ಷವಾಯಿತು. ಅಜ್ಜಿ ಆ ಕನ್ನಡಿಯನ್ನು ನೆಲದ ಮೇಲಿಟ್ಟು, ಗೋಡೆಗೆ ಒರಗಿ ಕೂತು, ಒಂದೊಂದೇ ಪಾದವನ್ನು ಅದರ ಮೇಲೆ ಎತ್ತಿ ಹಿಡಿಯುತ್ತಾಳೆ. ಅಂಗಾಲು ನೋಡಿಕೊಳ್ಳುತ್ತಾಳೆ. ಬೆರಳು ಸಂದಿ ಬಿಡಿಸಿ ನೋಡುತ್ತಾಳೆ. ಏನಾದರೂ ಕೆಂಪಗೆ ಕಂಡರೆ ನಮ್ಮನ್ನು ಕೂಗುತ್ತಾಳೆ.

ಇದು ದಿನಾ ನಡೆಯುತ್ತದೆ. ಹಬ್ಬದ ದಿನವೂ ತಪ್ಪಿಲ್ಲ. ಕಾಫಿಗೆ ಮುಂಚೆ ಕನ್ನಡಿ.

ನಮ್ಮದು ತುಮಕೂರು ಜಿಲ್ಲೆ, ತುರುವೇಕೆರೆ ಕಡೆಯ ಊರು. ಎರಡು ಎಕರೆ ರಾಗಿ ಹೊಲ, ಒಂದಿಷ್ಟು ತೆಂಗಿನ ಮರ, ಎರಡು ಹಸು. ಅಜ್ಜಿಗೆ 72 ವರ್ಷ ಅಂತ ಆಧಾರ್ ಕಾರ್ಡ್ ಹೇಳುತ್ತದೆ, ಅಜ್ಜಿ ಅದಕ್ಕೆ ಇನ್ನೂ ಮೂರು ಸೇರಿಸಿಕೋ ಅನ್ನುತ್ತಾಳೆ. ಅಷ್ಟೂ ವರ್ಷ ಬರಿಗಾಲಲ್ಲೇ ನಡೆದವಳು. ಮದುವೆಗೆ ಹೋಗುವಾಗ ಚಪ್ಪಲಿ ಚೀಲದಲ್ಲಿರುತ್ತಿತ್ತು, ಛತ್ರದ ಹತ್ತಿರ ಬಂದಾಗ ಕಾಲಿಗೆ ಬರುತ್ತಿತ್ತು.

ಎರಡು ವರ್ಷದ ಹಿಂದೆ, ರಾಗಿ ಕಟಾವಿನ ಹೊತ್ತಿನಲ್ಲಿ, ಬಲಗಾಲಿನ ಹೆಬ್ಬೆರಳ ಅಡಿಗೆ ಒಂದು ಜಾಲಿ ಮುಳ್ಳು ಹೊಕ್ಕಿತು. ಯಾವತ್ತು ಹೊಕ್ಕಿತು ಅನ್ನುವುದು ಅಜ್ಜಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಅವ್ವ ಒಂದು ಬೆಳಗ್ಗೆ ಚಾಪೆ ಮಡಚುವಾಗ ಕೀವಿನ ಕಲೆ ನೋಡಿದಳು. ಕೇಳಿದರೆ ಅಜ್ಜಿ, "ಏನೋ ಆಗೈತೆ ಕಣೆ, ನೋವೇನಿಲ್ಲ" ಅಂದಳು. ನೋವಿಲ್ಲ ಅಂದದ್ದಕ್ಕೆ ನಾವೂ ಸುಮ್ಮನಾದೆವು. ಅರಿಶಿನ, ಕೊಬ್ಬರಿ ಎಣ್ಣೆ ಕಲಸಿ ಹಚ್ಚಿ ಬಟ್ಟೆ ಕಟ್ಟಿದ್ದಾಯಿತು. ಐದಾರು ದಿನಕ್ಕೆ ಬೆರಳು ಊದಿ ನೇರಳೆ ಬಣ್ಣಕ್ಕೆ ತಿರುಗಿತು. ವಾಸನೆ ಬರತೊಡಗಿತು.

ನೋವಿಲ್ಲ ಎನ್ನುವುದೇ ಕಾಯಿಲೆ ಅಂತ ನಮಗೆ ಆಮೇಲೆ ಗೊತ್ತಾಯಿತು.

ಸಕ್ಕರೆ ಕಾಯಿಲೆ ಅಜ್ಜಿಗೆ ಹೊಸದಲ್ಲ. ಒಂಬತ್ತು ವರ್ಷದಿಂದ ಇದೆ. ರಕ್ತದಲ್ಲಿ ಸಕ್ಕರೆ ಹೆಚ್ಚಾಗಿಯೇ ಇದ್ದು ಇದ್ದು ಪಾದದ ನರಗಳು ಮಂದವಾಗುತ್ತವೆ. ಮುಳ್ಳು ಚುಚ್ಚಿದ್ದು, ಬಿಸಿ ತಾಗಿದ್ದು, ಚಪ್ಪಲಿ ಉಜ್ಜಿದ್ದು ತಿಳಿಯುವುದಿಲ್ಲ. ಕಾಲಿಗೆ ರಕ್ತ ಹೋಗುವುದೂ ಕಡಿಮೆಯಾಗಿದ್ದರೆ ಗಾಯ ಮಾಯುವುದು ಇನ್ನೂ ಕಷ್ಟ. ಹೀಗಾಗಿ ಒಂದು ಮುಳ್ಳಿನಿಂದ ಬೆರಳು, ಬೆರಳಿನಿಂದ ಪಾದ ಅಂತ ಕತ್ತರಿಸುವ ಮಟ್ಟಕ್ಕೆ ಹೋಗುತ್ತದೆ. ನಮ್ಮೂರಲ್ಲೇ ಕಾಲು ಕಳೆದುಕೊಂಡವರು ಇಬ್ಬರಿದ್ದಾರೆ. ಅವರನ್ನು ದಿನಾ ನೋಡುತ್ತಿದ್ದರೂ ನಮಗೆ ಹೊಳೆಯಲಿಲ್ಲ.

ಆಸ್ಪತ್ರೆಯಲ್ಲಿ ಬೆರಳ ತುದಿ ಚುಚ್ಚಿ ನೋಡಿದರೆ ಸಕ್ಕರೆ 386. ಡಾಕ್ಟರಮ್ಮ, "ಅಜ್ಜಿ, ಮಾತ್ರೆ ತಗೋತಾ ಇದ್ದೀರಾ?" ಅಂತ ಕೇಳಿದರು. ಅಜ್ಜಿ ನಮ್ಮ ಮುಖ ನೋಡಿದಳು. ನಾವು ಗೋಡೆ ನೋಡಿದೆವು.

ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಅಜ್ಜಿ ನಲವತ್ತು ದಿನದಿಂದ ಮಾತ್ರೆ ಬಿಟ್ಟಿದ್ದಳು. ಬಿಡುವುದಕ್ಕೆ ಕಾರಣ ನಾವು. ಮೊಬೈಲಿಗೆ ಬಂದ ಒಂದು ವಿಡಿಯೊವನ್ನು ನಾವೇ ಅಜ್ಜಿಗೆ ತೋರಿಸಿದ್ದೆವು. ಮಾತ್ರೆ ತಿಂದರೆ ಕಿಡ್ನಿ ಹೋಗುತ್ತದೆ, ಯಾವುದೋ ಸೊಪ್ಪಿನ ಕಷಾಯ ಕುಡಿದರೆ ತಿಂಗಳಲ್ಲಿ ಸಕ್ಕರೆ ಮಾಯ ಅಂತ ಅದರಲ್ಲಿ ಒಬ್ಬ ಬಿಳಿ ಅಂಗಿಯವನು ಹೇಳುತ್ತಿದ್ದ. ನಾವು ಅರ್ಧ ತಮಾಷೆಗೆ ತೋರಿಸಿದ್ದು. ಅಜ್ಜಿ ಪೂರ್ತಿ ನಂಬಿದಳು. ಓದಿದ ಮೊಮ್ಮಕ್ಕಳು ತೋರಿಸಿದ್ದು ಸುಳ್ಳಿರುತ್ತದೆಯೇ? ಬೇಲಿ ಸಾಲಿನಿಂದ ಸೊಪ್ಪು ತಂದು ದಿನಾ ಕುದಿಸಿ ಕುಡಿಯುತ್ತಿದ್ದಳು. ಮಾತ್ರೆ ಡಬ್ಬಿ ಅಟ್ಟ ಸೇರಿತ್ತು.

ಡಾಕ್ಟರಮ್ಮ ಬೈಯಲಿಲ್ಲ. ಕಿಡ್ನಿಗೆ ಹಾನಿ ಮಾಡುವುದು ಹತೋಟಿ ತಪ್ಪಿದ ಸಕ್ಕರೆ ಮತ್ತು ಬಿಪಿ, ಮಾತ್ರೆ ಕೊಡುವುದೇ ಅದನ್ನು ತಡೆಯುವುದಕ್ಕೆ ಅಂತ ಬಿಡಿಸಿ ಹೇಳಿದರು. ಮೆಟ್‌ಫಾರ್ಮಿನ್ ಅನ್ನುವ ಮಾತ್ರೆಯನ್ನು ಕಿಡ್ನಿ ಆಗಲೇ ಸೋತವರಿಗೆ ಕಡಿಮೆ ಮಾಡುತ್ತಾರೆ ಇಲ್ಲವೇ ನಿಲ್ಲಿಸುತ್ತಾರೆ. ಅದನ್ನು ಕೇಳಿದ ಜನ ಮಾತ್ರೆಯಿಂದಲೇ ಕಿಡ್ನಿ ಹೋಯಿತು ಅಂದುಕೊಳ್ಳುತ್ತಾರೆ. ಬೈದಿದ್ದರೆ ನಮಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ.

ಎಕ್ಸ್‌ರೇ ತೆಗೆದರು. ಸೋಂಕು ಮೂಳೆಗೆ ಹೋಗಿದ್ದರೆ ಬೆರಳು ತೆಗೆಯಬೇಕು ಅಂದಿದ್ದರು. ಅಪ್ಪ ಹೊರಗೆ ಹೋಗಿ ಬೇವಿನ ಮರದ ಕೆಳಗೆ ಕೂತುಬಿಟ್ಟ. ಮೂಳೆಗೆ ಹೋಗಿರಲಿಲ್ಲ. ಎಂಟು ದಿನ ಆಸ್ಪತ್ರೆ, ಇಂಜೆಕ್ಷನ್, ಕೊಳೆತ ಮಾಂಸ ತೆಗೆದು ಡ್ರೆಸಿಂಗ್. ಉಗುರು ಹೋಯಿತು. ಬೆರಳು ಉಳಿಯಿತು.

ಅಲ್ಲಿದ್ದಾಗ ಒಂದು ಪರೀಕ್ಷೆ ಮಾಡಿದರು. ಅಜ್ಜಿಗೆ ಕಣ್ಣು ಮುಚ್ಚಲು ಹೇಳಿ, ಮೀನಿನ ಗಾಳದ ದಾರದಂಥ ಒಂದು ಎಳೆಯಿಂದ ಪಾದದ ಅಲ್ಲಲ್ಲಿ ಮುಟ್ಟಿ, ಗೊತ್ತಾಯಿತಾ ಅಂತ ಕೇಳುತ್ತಾರೆ. ಅಜ್ಜಿ ಮುಟ್ಟುವುದಕ್ಕೆ ಮುಂಚೆಯೇ "ಹೂಂ, ಹೂಂ" ಅನ್ನತೊಡಗಿದಳು. ಎಲ್ಲರೂ ನಕ್ಕರು. ಆಮೇಲೆ ಡಾಕ್ಟರಮ್ಮ ಸುಮ್ಮನೆ ನಿಂತರು, ಮುಟ್ಟಲೇ ಇಲ್ಲ. ಅಜ್ಜಿ ಆಗಲೂ "ಹೂಂ" ಅಂದಳು. ಆಗ ಯಾರೂ ನಗಲಿಲ್ಲ.

ಮನೆಗೆ ಬಂದ ಮೇಲೆ ಸುಮಾರು ಮೂರು ತಿಂಗಳು ಡ್ರೆಸಿಂಗ್ ನಡೆಯಿತು. ಅವ್ವ ಕಲಿತುಕೊಂಡಳು. ಗಾಯದ ಮೇಲೆ ಭಾರ ಬಿಡಬಾರದು, ಓಡಾಡಬಾರದು ಅನ್ನುವುದೇ ದೊಡ್ಡ ಔಷಧಿ, ಅದೇ ದೊಡ್ಡ ಜಗಳ. ಜೀವಮಾನದಲ್ಲಿ ಹಗಲು ಹೊತ್ತು ಮಲಗದ ಹೆಂಗಸು. ಒಂದು ಮಧ್ಯಾಹ್ನ ನೋಡಿದರೆ ಮಂಚ ಖಾಲಿ. ಕೊಟ್ಟಿಗೆಯಲ್ಲಿ ಕೂತಲ್ಲೇ ತೆವಳಿಕೊಂಡು ಹಸುವಿಗೆ ಹುಲ್ಲು ಹಾಕುತ್ತಿದ್ದಳು. "ಹಸೀಗೆ ನಿಮ್ ಡಾಕ್ಟ್ರು ಗೊತ್ತೇನ್ಲಾ? ಅದ್ಕೆ ಹೊಟ್ಟೆ ಹಸಿತೈತೆ ಅಷ್ಟೇಯ." ಕೊಟ್ಟಿಗೆಯ ಗಂಜಲ ಗಾಯಕ್ಕೆ ತಾಗಿದರೆ ಏನಾಗುತ್ತದೆ ಅಂತ ಹೇಳಿ ಸಾಕಾಯಿತು. ಕೊನೆಗೆ ಜಗುಲಿ ಮೇಲೆ ಕೂತೇ ಮಾಡುವ ಕೆಲಸ ಹುಡುಕಿದೆವು. ಅವರೆಕಾಯಿ ಸುಲಿಯುವುದು, ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುವುದು. ಸೋಗೆಯಿಂದ ಕಡ್ಡಿ ಸೀಳಿ ಪೊರಕೆ ಕಟ್ಟಿದ್ದೂ ಆಯಿತು. ಆ ಮೂರು ತಿಂಗಳಲ್ಲಿ ನಮ್ಮ ಬೀದಿಗೆಲ್ಲ ಪೊರಕೆ ಆಯಿತು.

ಚಪ್ಪಲಿಯದು ಬೇರೆಯೇ ಕತೆ. ಎಂಸಿಆರ್ ಚಪ್ಪಲಿ ಅಂತ ಬರುತ್ತದೆ. ಒಳಗಡೆ ಮೆತ್ತನೆ ರಬ್ಬರು, ಕೆಳಗೆ ಮುಳ್ಳು ತೂರದಂಥ ಗಟ್ಟಿ ಅಟ್ಟೆ, ಹಿಂದೆ ಪಟ್ಟಿ. ಬೆರಳ ನಡುವೆ ಸಿಕ್ಕಿಸುವ ಹವಾಯಿ ಚಪ್ಪಲಿ ಬೇಡ ಅಂದಿದ್ದರು, ಯಾಕೆಂದರೆ ಆ ಸಂದಿಯಲ್ಲೇ ಉಜ್ಜಿ ಗಾಯವಾಗುತ್ತದೆ, ಕಾಲಿಂದ ಜಾರಿ ಬಿದ್ದುಹೋದರೂ ಗೊತ್ತಾಗುವುದಿಲ್ಲ. ಚಪ್ಪಲಿಯನ್ನು ಮನೆಯೊಳಗೂ ಹಾಕಬೇಕು. ಇಲ್ಲಿ ಅಜ್ಜಿ ಕಲ್ಲಾದಳು. ಚಪ್ಪಲಿ ಮೆಟ್ಟಿಕೊಂಡು ಹೊಸಲು ದಾಟಿದರೆ ಮನೆಯಲ್ಲಿ ಲಕ್ಷ್ಮಿ ನಿಲ್ಲುತ್ತಾಳೆಯೇ? ನಾವು ವಾದ ಮಾಡಿದಷ್ಟೂ ಗಟ್ಟಿಯಾದಳು. ಬಗೆಹರಿಸಿದವರು ನಮ್ಮ ಆಶಾ ಅಕ್ಕ. "ಅಜ್ಜಿ, ಎರಡು ಜೊತೆ ತಗೋ. ಒಂದು ಅಂಗಳ ಕಂಡಿರಬಾರದು. ಅದು ಚಪ್ಪಲಿ ಅಲ್ಲ ಅಂದ್ಕೋ, ಕಾಲಿಗೆ ಕಟ್ಟೋ ಬಟ್ಟೆ ಅಂದ್ಕೋ" ಅಂದರು. ಅಜ್ಜಿ ಎರಡು ದಿನ ಯೋಚಿಸಿ ಒಪ್ಪಿದಳು. ದೇವರ ಗೂಡಿನ ಮುಂದೆ ಮಾತ್ರ ಬಿಡುತ್ತಾಳೆ. ಮಾರಮ್ಮನ ಗುಡಿಗೆ ಮಧ್ಯಾಹ್ನ ಹೋಗುವುದನ್ನು ನಿಲ್ಲಿಸಿದ್ದಾಳೆ, ಬಿಸಿಲಿಗೆ ಕಾದ ಚಪ್ಪಡಿ ಕಲ್ಲು ಅಂಗಾಲು ಸುಟ್ಟರೂ ತಿಳಿಯದು. ಬೆಳಗಿನ ಹೊತ್ತು ಹೋಗುತ್ತಾಳೆ.

ಸ್ನಾನದ ನೀರಿಗೂ ಹಾಗೆಯೇ. ಹಂಡೆಯ ನೀರು ಎಷ್ಟು ಬಿಸಿ ಅನ್ನುವುದನ್ನು ಕಾಲು ಹೇಳುವುದಿಲ್ಲ. ಮೊದಲು ಮೊಣಕೈ ಅದ್ದಿ ನೋಡಬೇಕು. ಚಳಿಗಾಲದಲ್ಲಿ ಒಲೆ ಮುಂದೆ ಕಾಲು ಚಾಚಿ ಕೂರುವ ಸುಖ ಅಜ್ಜಿಗೆ ಹೋಯಿತು. ಅದೊಂದು ನನಗೆ ಬಾಕಿ ಉಳೀತು ಅಂತ ಈಗಲೂ ಅನ್ನುತ್ತಾಳೆ.

ಇನ್ನು ಮುದ್ದೆ. ನಮ್ಮ ಕಡೆ ಒಂದು ನಂಬಿಕೆ ಇದೆ, ಸಕ್ಕರೆ ಕಾಯಿಲೆಯವರು ಅನ್ನ ಬಿಟ್ಟು ಮುದ್ದೆ ಎಷ್ಟು ಬೇಕಾದರೂ ತಿನ್ನಬಹುದು ಅಂತ. ಹಾಗಿಲ್ಲ. ಅಕ್ಕಿ, ರಾಗಿ ಎರಡರಲ್ಲೂ ಮುಕ್ಕಾಲು ಪಾಲಿನಷ್ಟು ಪಿಷ್ಟವೇ, ಹೊಟ್ಟೆಗೆ ಹೋದ ಮೇಲೆ ಅದು ಸಕ್ಕರೆಯೇ ಆಗುತ್ತದೆ. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದಂಶ ಅಂತೂ 100 ಗ್ರಾಂಗೆ ಸುಮಾರು 340 ಮಿಲಿಗ್ರಾಂ, ಅಕ್ಕಿಗೆ ಹೋಲಿಸುವಂತೆಯೇ ಇಲ್ಲ. ಆದ್ದರಿಂದ ರಾಗಿ ಒಳ್ಳೆಯದೇ. ಅಳತೆ ಮುಖ್ಯ. ಹೊಲದಲ್ಲಿ ದಿನವಿಡೀ ದುಡಿಯುತ್ತಿದ್ದಾಗ ತಿನ್ನುತ್ತಿದ್ದ ಎರಡು ದಪ್ಪ ಮುದ್ದೆಯನ್ನು ಜಗುಲಿ ಮೇಲೆ ಕೂತು ತಿಂದರೆ ಸಕ್ಕರೆ ಏರದೆ ಇನ್ನೇನು?

ಒಂದು ಮುದ್ದೆ, ಅದೂ ಕಿತ್ತಳೆ ಹಣ್ಣಿನ ಗಾತ್ರದ್ದು, ಅಂತ ಅವ್ವ ತಟ್ಟೆಗಿಟ್ಟ ದಿನ ಅಜ್ಜಿ ತಟ್ಟೆ ತಳ್ಳಿದಳು. "ಕೂಲಿಯವ್ರಿಗೂ ಇಷ್ಟು ಸಣ್ ಮುದ್ದೆ ಇಕ್ಕಲ್ಲ." ಹಟ ಅಂದುಕೊಂಡೆವು. ಅಲ್ಲ. ನಮ್ಮ ಕಡೆ ಮುದ್ದೆಯ ಗಾತ್ರದಲ್ಲಿ ಮನುಷ್ಯರ ಬೆಲೆ ಇದೆ. ದುಡಿಯುವವರಿಗೆ ದೊಡ್ಡದು. ಸಣ್ಣ ಮುದ್ದೆ ಇಟ್ಟರೆ, ನೀನು ಇನ್ನು ಯಾವ ಕೆಲಸಕ್ಕೂ ಇಲ್ಲ ಅಂತ ತಟ್ಟೆಯಲ್ಲಿ ಬರೆದು ಇಟ್ಟ ಹಾಗೆ. ಇದು ಅವ್ವನಿಗೆ ಹೊಳೆಯಿತು, ನಮಗೆ ಹೊಳೆಯಲಿಲ್ಲ. ಮಾರನೆ ದಿನದಿಂದ ಎಲ್ಲರ ಮುದ್ದೆಯೂ ಚಿಕ್ಕದಾಯಿತು. ಅಪ್ಪ ಒಂದು ವಾರ ಗೊಣಗಿದ. ಅದರ ಬದಲು ಸಾರಿನ ಬಟ್ಟಲು ದೊಡ್ಡದಾಯಿತು. ಹುರುಳಿಕಾಳು ಬಸ್ಸಾರು, ಸೊಪ್ಪಿನ ಪಲ್ಯ, ಅವರೆಕಾಳು, ವಾರಕ್ಕೆ ಮೂರು ದಿನ ಮೊಟ್ಟೆ. ಕಾಳು, ಪಲ್ಯ ಮೊದಲು, ಮುದ್ದೆ ಆಮೇಲೆ. ಅಪ್ಪನ ಬಿಪಿಯೂ ಸ್ವಲ್ಪ ಇಳಿಯಿತು ಅನ್ನುವುದನ್ನು ಇಲ್ಲಿ ಹೇಳಬೇಕು, ಅವನೇ ಎಲ್ಲೂ ಹೇಳುವುದಿಲ್ಲ.

ಟೀಗೆ ಸಕ್ಕರೆ ಬೇಡ ಅಂದಾಗ ಅಜ್ಜಿ ಬೆಲ್ಲ ಹಾಕಿಕೊಂಡಳು. ಬೆಲ್ಲವೂ ಕಬ್ಬಿನದೇ, ರಕ್ತಕ್ಕೆ ಹೋದರೆ ಅದೂ ಸಕ್ಕರೆಯೇ. ಇದನ್ನು ಒಪ್ಪಿಸಲು ಬಾಯಿ ಮಾತು ಸಾಲಲಿಲ್ಲ. ಬೆಲ್ಲದ ಟೀ ಕುಡಿದ ಎರಡು ಗಂಟೆಗೆ ಮೆಷಿನ್ನಿನಲ್ಲಿ ಚುಚ್ಚಿ ತೋರಿಸಿದೆವು. ಸಂಖ್ಯೆ ಅಜ್ಜಿಗೆ ಓದಲು ಬಾರದಿದ್ದರೂ ಕರೆಂಟ್ ಬಿಲ್ ಏರಿದ್ದು ಇಳಿದದ್ದು ಗೊತ್ತಾಗುತ್ತದೆ, ಹಾಗೆಯೇ ಇದೂ ಗೊತ್ತಾಯಿತು. ಯುಗಾದಿ ದಿನ ಬೇವು ಬೆಲ್ಲದಲ್ಲಿ ಬೇವು ಜಾಸ್ತಿ ತಿಂದಳು. ಒಬ್ಬಟ್ಟು ಒಂದು ತಿಂದಳು, ಎರಡನೆಯದನ್ನು ನೋಡಿದಳು. ಇಟ್ಟಳು.

ಓದು ಬಾರದವರಿಗೆ ಮಾತ್ರೆಯ ಕಷ್ಟ ಏನು ಅನ್ನುವುದು ಓದುಬಲ್ಲವರಿಗೆ ತಿಳಿಯದು. ಅಜ್ಜಿ ಮಾತ್ರೆಯನ್ನು ಬಣ್ಣದಿಂದ ಗುರುತು ಇಟ್ಟುಕೊಳ್ಳುತ್ತಿದ್ದಳು. ಹಳದಿಯದು ಬಿಪಿಗೆ, ಉದ್ದನೆ ಬಿಳಿಯದು ಸುಗರಿಗೆ. ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ತಿಂಗಳಿಗೊಂದು ಸಲ ಕೊಡುವ ಮಾತ್ರೆ ಪ್ರತಿ ಸಲವೂ ಅದೇ ಕಂಪನಿಯದು ಆಗಿರುವುದಿಲ್ಲ. ಒಳಗಿನ ಔಷಧಿ ಒಂದೇ, ಬಣ್ಣ, ಗಾತ್ರ, ಹಾಳೆ ಬೇರೆ. ಒಮ್ಮೆ ಬಿಪಿ ಮಾತ್ರೆ ಬಿಳಿಯದು ಬಂತು. ಅಜ್ಜಿ ಹಳೆಯ ಹಳದಿ ಇನ್ನೂ ಮಿಕ್ಕಿದ್ದರಿಂದ ಎರಡನ್ನೂ ನುಂಗಿದಳು. ಎರಡು ದಿನ ತಲೆ ತಿರುಗು, ಪಾದ ಊತ.

ಇದಕ್ಕೆ ದಾರಿ ಹುಡುಕಿದ್ದು ಅಜ್ಜಿಯೇ. ತನ್ನ ಹಳೆ ಸೀರೆ ಹರಿದು ಎರಡು ಸಣ್ಣ ಚೀಲ ಹೊಲಿದಳು. ಕೆಂಪು ಬೆಳಗಿನದು, ಕಪ್ಪು ರಾತ್ರಿಯದು. ಭಾನುವಾರ ನಾವು ವಾರಕ್ಕಾಗುವಷ್ಟು ಮಾತ್ರೆಯನ್ನು ಹಾಳೆಯಿಂದ ಬಿಡಿಸದೆ, ಕತ್ತರಿಯಿಂದ ಕತ್ತರಿಸಿ, ಒಂದೊಂದು ಹೊತ್ತಿನದನ್ನು ಒಂದೊಂದು ಕಾಗದದಲ್ಲಿ ಮಡಚಿ ಚೀಲಕ್ಕೆ ಹಾಕುತ್ತೇವೆ. ಕಾಗದ ಮಿಕ್ಕರೆ ತಪ್ಪಿಸಿದ್ದಾಳೆ ಅಂತ ಲೆಕ್ಕ. ಹೊಸ ಬಣ್ಣದ ಮಾತ್ರೆ ಬಂದರೆ ಮೊದಲು ಆಶಾ ಅಕ್ಕನಿಗೆ ತೋರಿಸುತ್ತೇವೆ.

ಒಂದು ಶನಿವಾರ ಮಾತ್ರ ನಾವು ತುಂಬ ಹೆದರಿದೆವು. ಅಜ್ಜಿಗೆ ಶನಿವಾರ ಒಪ್ಪತ್ತು. ಬೆಳಗ್ಗೆ ಏನೂ ತಿಂದಿರಲಿಲ್ಲ, ಆದರೆ ಕೆಂಪು ಚೀಲದ ಮಾತ್ರೆ ತಪ್ಪಿಸಬಾರದು ಅಂತ ನುಂಗಿದ್ದಳು. ಹನ್ನೊಂದು ಗಂಟೆಗೆ ಮೈ ತಣ್ಣಗೆ ಬೆವರಿ, ಕೈ ನಡುಗಿ, ಮಾತು ತೊದಲತೊಡಗಿತು. ಲಕ್ವ ಹೊಡೆಯಿತು ಅಂದುಕೊಂಡೆವು. ಚುಚ್ಚಿ ನೋಡಿದರೆ 54. ಎಪ್ಪತ್ತಕ್ಕಿಂತ ಕೆಳಗೆ ಇಳಿಯುವುದು ಅಪಾಯ. ನಾಲ್ಕು ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿದೆವು, ಹದಿನೈದು ನಿಮಿಷ ಬಿಟ್ಟು ಮತ್ತೆ ಚುಚ್ಚಿದೆವು, ಆಮೇಲೆ ಊಟ ಮಾಡಿಸಿದೆವು. ಎಚ್ಚರವಿದ್ದದ್ದರಿಂದ ಆಯಿತು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹುಯ್ಯಬಾರದು, ಉಸಿರಿಗೆ ಸಿಕ್ಕುತ್ತದೆ, 108ಕ್ಕೆ ಫೋನ್ ಮಾಡಬೇಕು.

ಸಕ್ಕರೆ ಮಾತ್ರೆಗಳಲ್ಲೂ ಬೇರೆ ಬೇರೆ ಇವೆ. ಅಜ್ಜಿಗೆ ಕೊಡುತ್ತಿದ್ದ ಗ್ಲಿಮೆಪಿರೈಡ್ ಅನ್ನುವುದು ಊಟ ಬಿಟ್ಟರೂ ಸಕ್ಕರೆ ಇಳಿಸುತ್ತಲೇ ಇರುತ್ತದೆ. ಉಪವಾಸ ಮಾಡುವ ವಿಷಯವನ್ನು ಡಾಕ್ಟರಿಗೆ ನಾವು ಹೇಳಿರಲಿಲ್ಲ, ಅವರು ಕೇಳಿರಲೂ ಇಲ್ಲ. ಹೇಳಿದ ಮೇಲೆ ಅದನ್ನು ತೆಗೆದು ಬೇರೆ ಬರೆದುಕೊಟ್ಟರು. ಅಜ್ಜಿ ಒಪ್ಪತ್ತನ್ನು ಬಿಟ್ಟಿಲ್ಲ, ಬದಲಾಯಿಸಿದ್ದಾಳೆ. ಶನಿವಾರ ಬೆಳಗ್ಗೆ ಈಗ ಹೆಸರುಕಾಳು ಕೋಸಂಬರಿ, ಮಜ್ಜಿಗೆ. "ಶನೇಶ್ವರನಿಗೂ ಗೊತ್ತಾಯ್ತದೆ, ಅವ್ನಿಗೂ ವಯಸ್ಸಾಗೈತೆ" ಅನ್ನುತ್ತಾಳೆ.

ವ್ಯಾಯಾಮ ಅಂದರೆ ಅಜ್ಜಿಗೆ ನಗು. ಆದರೂ ಗಾಯ ಮಾಯ್ದ ಮೇಲೆ ಊಟವಾದ ತಕ್ಷಣ ಹತ್ತು ನಿಮಿಷ ತೆಂಗಿನ ತೋಟದ ಅಂಚಿನಲ್ಲಿ ನಡೆಯುತ್ತಾಳೆ. ಮೂರು ತಿಂಗಳು ಕೂತು ತೊಡೆ ಬಲ ಹೋಗಿತ್ತು, ನೆಲದಿಂದ ಏಳಲು ಇಬ್ಬರು ಬೇಕಾಗಿತ್ತು. ಅದಕ್ಕೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ಹತ್ತು ಸಲ ಮಾಡು ಅಂದಿದ್ದರು. ಎಣಿಕೆಗೆ ಮಡಿಲಲ್ಲಿ ಹತ್ತು ಹುಣಸೆಬೀಜ. ಒಂದು ಸಲ ಎದ್ದರೆ ಒಂದು ಬೀಜ ಬಟ್ಟಲಿಗೆ. ಮೊದಲ ವಾರ ನಾಲ್ಕು ಬೀಜಕ್ಕೆ ಸುಸ್ತು. ಈಗ ಹತ್ತೂ ಮುಗಿಸಿ, ಮಧ್ಯೆ ಯಾರಾದರೂ ಮಾತಾಡಿಸಿದರೆ ಬೈದು ಮತ್ತೆ ಮೊದಲಿಂದ ಶುರು ಮಾಡುತ್ತಾಳೆ.

ಸೋತದ್ದೂ ಇದೆ. ಹೊಗೆಸೊಪ್ಪು ಬಿಟ್ಟಳು. ಎಲೆ ಅಡಿಕೆ ಬಿಟ್ಟಿಲ್ಲ. ಹೊಗೆಸೊಪ್ಪಿನಿಂದ ಕಾಲಿನ ರಕ್ತನಾಳ ಇನ್ನಷ್ಟು ಕಿರಿದಾಗುತ್ತದೆ ಅಂದದ್ದಕ್ಕೆ ಅದನ್ನು ಬಿಟ್ಟಳು, ಬಿಡುವಾಗ ಇಪ್ಪತ್ತು ದಿನ ಮನೆಮಂದಿಗೆಲ್ಲ ಬೈಗುಳ. ಬರೀ ಅಡಿಕೆಯಿಂದಲೂ ಬಾಯಿ ಕ್ಯಾನ್ಸರ್ ಬರುತ್ತದೆ ಅಂತ ಹೇಳುತ್ತಲೇ ಇದ್ದೇವೆ. "ಎಲ್ಲಾ ಕಿತ್ಕಂಡ್ರಿ, ಇದೊಂದು ಇರ್ಲಿ ಬುಡ್ರಿ" ಅಂತಾಳೆ. ಆ ಮಾತಿಗೆ ನಮ್ಮಲ್ಲಿ ಉತ್ತರ ಇಲ್ಲ.

ತಿಂಗಳಿಗೊಮ್ಮೆ ಆಸ್ಪತ್ರೆ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ ಅಜ್ಜಿಗೆ ಟಿಕೆಟ್ ಚಿಂತೆ ಇಲ್ಲ. ಆಧಾರ್ ತೋರಿಸಿ ಕಿಟಕಿ ಪಕ್ಕ ಕೂರುತ್ತಾಳೆ. ಬಸ್ಸು ಇರುವುದು ಬೆಳಗ್ಗೆ ಒಂದು, ಸಂಜೆ ಒಂದು. ಒಮ್ಮೆ ಹೋದಾಗ ರಕ್ತ ಪರೀಕ್ಷೆಯ ಯಂತ್ರ ಕೆಟ್ಟಿತ್ತು, ಮುಂದಿನ ತಿಂಗಳೂ ಕೆಟ್ಟೇ ಇತ್ತು. ಖಾಸಗಿ ಲ್ಯಾಬಿಗೆ ದುಡ್ಡು ಕೊಟ್ಟು ಮಾಡಿಸಿದೆವು. ಸಂಧ್ಯಾ ಸುರಕ್ಷಾ ಪಿಂಚಣಿ 1,200 ರೂಪಾಯಿಯಲ್ಲಿ ಅದೂ ಒಂದು ಖರ್ಚು. ನಮ್ಮ ಬೀದಿಯಲ್ಲೇ ಅಜ್ಜಿಯಷ್ಟೇ ವಯಸ್ಸಿನ, ಅಷ್ಟೇ ಸಕ್ಕರೆ ಇರುವ ತಾತ ಒಬ್ಬರಿದ್ದಾರೆ. ಅವರಿಗೆ ಬಸ್ಸು ಪುಕ್ಕಟೆ ಅಲ್ಲ, ಜೊತೆಗೆ ಬರುವವರೂ ಇಲ್ಲ. ಎರಡು ತಿಂಗಳಿಗೊಮ್ಮೆ ಹೋಗುತ್ತಾರೆ, ಒಂದು ತಿಂಗಳ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಿ ಎರಡು ತಿಂಗಳು ಮಾಡುತ್ತಾರೆ. ಮನೆ ಬಾಗಿಲಿಗೇ ಬಂದು ಬಿಪಿ, ಸಕ್ಕರೆ ನೋಡುವ ಗೃಹ ಆರೋಗ್ಯ ಯೋಜನೆ 2024ರಲ್ಲಿ ಕೋಲಾರದಲ್ಲಿ ಶುರುವಾಯಿತು. ಇಂಥವರ ಬಾಗಿಲಿಗೆ ಅದು ತಪ್ಪದೆ ಬಂದರೆ ಬಹಳ ಆಯಿತು. ಸದ್ಯಕ್ಕೆ ಅವರ ಪುಸ್ತಕ ತೆಗೆದುಕೊಂಡು ಹೋಗಿ ವಿಚಾರಿಸಿ ಬರುವ ಕೆಲಸವನ್ನು ಅಜ್ಜಿ ನಮಗೆ ಹಚ್ಚಿದ್ದಾಳೆ.

ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ ಒಂದಿದೆ, ಎಚ್‌ಬಿಎ1ಸಿ ಅಂತ. ಗಾಯವಾದಾಗ ಅಜ್ಜಿಯದು 11.2 ಇತ್ತು. ಹೋದ ಸಲ 7.8. ನಾವು ಏಳಕ್ಕೆ ಇಳಿಸಬೇಕು ಅಂತ ಹಟ ಹಿಡಿದಿದ್ದೆವು. ಡಾಕ್ಟರಮ್ಮ ಬೇಡ ಅಂದರು. ಈ ವಯಸ್ಸಿನಲ್ಲಿ ಎಂಟರ ಒಳಗಿದ್ದರೆ ಸಾಕು, ತೀರಾ ಇಳಿಸಲು ಹೋದರೆ ಮತ್ತೆ ಆ ಶನಿವಾರ ಬರುತ್ತದೆ ಅಂದರು.

ಈ ಸಲದ ರಾಗಿ ಕಟಾವಿಗೆ ಅಜ್ಜಿ ಹೊಲಕ್ಕೆ ಬಂದಳು. ಕಪ್ಪು ಚಪ್ಪಲಿ, ಒಳಗೆ ಹತ್ತಿಯ ಕಾಲುಚೀಲ. ಬದುವಿನ ಮೇಲೆ ಕೂತು ಕೊಯ್ಲು ನೋಡಿದಳು. ಪಕ್ಕದ ಹೊಲದ ಅಜ್ಜಿ, ನಮ್ಮಜ್ಜಿಯ ಓರಗೆಯವಳು, "ಏನಮ್ಮಾ, ಪೊಲೀಸ್ನೋರಂಗೆ ಬಂದಿದೀಯಾ" ಅಂತ ನಕ್ಕಳು. ಅವಳಿಗೂ ಸುಗರು. ಅಜ್ಜಿ ನಗಲಿಲ್ಲ. "ಬಾ ಇಲ್ಲಿ, ಕಾಲ್ ತೋರ್ಸು" ಅಂದಳು. ಹಿಮ್ಮಡಿಯಲ್ಲಿ ಬೆರಳು ಹೋಗುವಷ್ಟು ಬಿರುಕು, ಅದರೊಳಗೆ ಮಣ್ಣು. "ನೋಯ್ತದಾ?" ಅಂತ ಕೇಳಿದಳು. ಅವಳು ಇಲ್ಲ ಅಂದಳು. ಅಜ್ಜಿ ನಮ್ಮ ಕಡೆ ತಿರುಗಿ, ಆಶಾಗೆ ಫೋನ್ ಹಚ್ಚಿ ಅಂದಳು.

ಈಗ ಬೆಳಗ್ಗೆ ಜಗುಲಿ ಮೇಲೆ ಇಬ್ಬರು ಇರುತ್ತಾರೆ. ಕನ್ನಡಿ ಒಂದೇ. ಮೊನ್ನೆ ಅಜ್ಜಿ, ಕನ್ನಡಿ ಮಾಸಿದೆ ಸಂತೆಯಿಂದ ಹೊಸದು ತನ್ನಿ ಅಂದಳು. ಒರೆಸಿ ನೋಡಿದೆವು, ಕನ್ನಡಿ ಚೆನ್ನಾಗಿಯೇ ಇದೆ. ಸಕ್ಕರೆ ಕಣ್ಣಿನ ಒಳಪೊರೆಗೂ ಹಾನಿ ಮಾಡುತ್ತದೆ, ವರ್ಷಕ್ಕೊಮ್ಮೆ ತೋರಿಸಬೇಕು ಅಂದಿದ್ದರು. ಕಾಲಿನ ಗಲಾಟೆಯಲ್ಲಿ ನಾವು ಮರೆತಿದ್ದೆವು. ಬರುವ ಬುಧವಾರಕ್ಕೆ ಬರಲು ಹೇಳಿದ್ದಾರೆ. ಕಣ್ಣಿಗೆ ಹನಿ ಹಾಕುತ್ತಾರೆ, ಆಮೇಲೆ ಕೆಲವು ಗಂಟೆ ಮಂಜಾಗಿರುತ್ತದೆ, ಜೊತೆಗೆ ಒಬ್ಬರು ಬೇಕು. ಏಳೂವರೆ ಬಸ್ಸು. ಅಜ್ಜಿ ಸೀರೆ ಆಗಲೇ ಮಡಚಿ ಇಟ್ಟಿದ್ದಾಳೆ.